ಎರಡು ಸಲ ತಟ್ಟಿದರೆ

ಮನೆಮನೆಗೆ ಬಂದು ರೋಗಿಗಳ ಆರೈಕೆ ಮಾಡುವ ಸಂಸ್ಥೆಯವರು ಕಳಿಸಿದ ಎತ್ತುವ ಯಂತ್ರವನ್ನು ಹಿಸ್ಕೆ ಅದು ಬಂದ ದಿನವೇ ಖಾಲಿ ಕೊಟ್ಟಿಗೆಗೆ ತಳ್ಳಿ ಬಾಗಿಲು ಹಾಕಿದಳು. ಹಾಸಿಗೆ ಹಿಡಿದವರನ್ನು ದಪ್ಪ ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ, ಗುಂಡಿ ಒತ್ತಿ ಮೇಲಕ್ಕೆತ್ತಿ, ಕುರ್ಚಿಗೆ ಇಳಿಸುವ ಯಂತ್ರ ಅದು. ಅದನ್ನು ತಂದ ನರ್ಸ್ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಿಸ್ಕೆ ಅವ್ರೇ, ನಿಮಗೆ ಅರವತ್ತೊಂದು ವರ್ಷ. ನಾಳೆ ನಿಮ್ಮ ಸೊಂಟ ಹಿಡ್ಕೊಂಡ್ರೆ ನಾನು ಯಾರನ್ನ ಎತ್ಲಿ? ನಿಮ್ಮ ಯಜಮಾನ್ರನ್ನೋ, ನಿಮ್ಮನ್ನೋ?"

"ಇವನನ್ನ ಹತ್ತು ಸಾವಿರ ಸಲ ಎತ್ತಿ ಒಗೆದಿದೀನಿ ಕಣಮ್ಮಾ," ಅಂದಳು ಹಿಸ್ಕೆ. "ಮೆತ್ತಗೆ ಇಳಿಸೋದು ಯಾವ ಮಹಾ ಕಷ್ಟ?"

ಹಾಸಿಗೆಯಲ್ಲಿದ್ದ ಅವಳ ಗಂಡ ಮೈಂಟೆಯ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ನಕ್ಕನೆಂದು ಅರ್ಥ. ಅವನ ದೇಹದಲ್ಲಿ ಅವನು ಹೇಳಿದಂತೆ ಕೇಳುತ್ತಿದ್ದದ್ದು ಕಣ್ಣು, ಬಾಯಿಯ ಆ ಮೂಲೆ, ಮತ್ತು ಎಡಗೈಯ ಎರಡು ಬೆರಳು. ಉಳಿದದ್ದೆಲ್ಲ ಎರಡು ವರ್ಷದಲ್ಲಿ ಒಂದೊಂದಾಗಿ ಕೈಬಿಟ್ಟಿತ್ತು.

ಹತ್ತು ಸಾವಿರ ಎಂದದ್ದು ಬಡಾಯಿಯಲ್ಲ. ಹಿಸ್ಕೆ ಎರಡು ಸಲ ಯುರೋಪಿನ ಜೂಡೋ ಚಾಂಪಿಯನ್ ಆದವಳು, ವಿಶ್ವಕೂಟದಿಂದ ಒಮ್ಮೆ ಕಂಚು ತಂದವಳು. ದೇಶದ ಚಾಂಪಿಯನ್ ಎಷ್ಟು ಸಲ ಆದೆ ಎಂದರೆ ಅವಳೇ ಬೆರಳು ಮಡಚಿ ಎಣಿಸಬೇಕು. ಅಷ್ಟೂ ವರ್ಷ ಅವಳ ಅಭ್ಯಾಸಕ್ಕೆ ಮೈಯೊಡ್ಡಿ, ಬಿದ್ದು, ಎದ್ದು, ಮತ್ತೆ ಬಿದ್ದವನು ಮೈಂಟೆ. ಗೆಲ್ಲುವವಳಿಗೆ ಪದಕ ಸಿಕ್ಕಿತು, ಬೀಳುವವನಿಗೆ ಸೊಂಟನೋವು ಸಿಕ್ಕಿತು. ನಮ್ಮ ಹಿಲ್‌ವೆರ್ಡ್ ಊರಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ನಾವು ಬಾಯಿ ಬಿಡುವುದೇ ಕಾಫಿ ಕುಡಿಯುವುದಕ್ಕೆ.

ಹಿಸ್ಕೆಯ ಅಪ್ಪ ಹಾಲಿನ ಲಾರಿ ಓಡಿಸುತ್ತಿದ್ದ. ಹನ್ನೊಂದು ವರ್ಷಕ್ಕೇ ಹುಡುಗಿ ಎರಡೂ ಕೈಯಲ್ಲಿ ಒಂದೊಂದು ಖಾಲಿ ಕ್ಯಾನು ಹಿಡಿದು ಲಾರಿಗೆ ಎಸೆಯುತ್ತಿದ್ದಳು. ಆ ಮೈಕಟ್ಟು ನೋಡಿ ಶಾಲೆಯಲ್ಲಿ ಒಬ್ಬ "ಏ ಗೂಳಿ" ಅಂದ. ಮರುಕ್ಷಣ ಅವನು ಶಾಲೆಯ ಹಿಂದಿನ ಕಾಲುವೆಯಲ್ಲಿದ್ದ. ಅವನ ಜೊತೆ ನಕ್ಕ ಇನ್ನೊಬ್ಬನೂ ಅಲ್ಲೇ ಇದ್ದ. ಅಂದು ಸಂಜೆ ಹಿಸ್ಕೆಯ ತಾಯಿ ಮಗಳ ರಟ್ಟೆ ಹಿಡಿದು ಸೈಕಲ್ ರಿಪೇರಿ ಅಂಗಡಿಯ ಪೊಸ್ತುಮಾ ಮೇಷ್ಟ್ರ ಹತ್ತಿರ ಎಳೆದುಕೊಂಡು ಹೋದಳು. ಕೆಳಗೆ ಅಂಗಡಿ, ಮೇಲಿನ ಅಟ್ಟದಲ್ಲಿ ಮೇಷ್ಟ್ರ ಜೂಡೋ ಕ್ಲಬ್ಬು.

"ಮೇಷ್ಟ್ರೇ, ಇವಳ ಕೈಗೆ ಏನಾದ್ರೂ ಕೆಲ್ಸ ಕೊಡಿ. ಇಲ್ದಿದ್ರೆ ಊರಿನ ಗಂಡುಹುಡುಗ್ರೆಲ್ಲ ನೀರಲ್ಲೇ ಇರ್ತಾರೆ."

ಮೇಷ್ಟ್ರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಕೈಗೆ ಹತ್ತಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡರು. ಅಟ್ಟ ಹತ್ತಿಸಿ, ಚಾಪೆಯ ಮೇಲೆ ಮಲಗಿಸಿ, ಅವಳ ಬಲಗೈಯನ್ನು ತಮ್ಮ ಎರಡು ಕಾಲುಗಳ ಸಂದಿಯಲ್ಲಿ ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆ ಬಗ್ಗಿಸತೊಡಗಿದರು.

"ನೋಯ್ತಾ?"

"ಇಲ್ಲ."

ಇನ್ನೊಂದಿಷ್ಟು ಬಗ್ಗಿಸಿದರು. "ಈಗ?"

"ಇಲ್ಲ!" ಕಣ್ಣಿಂದ ನೀರು ಕಿವಿಯವರೆಗೆ ಹರಿದಿತ್ತು.

"ಸುಳ್ಳು ಬೊಗಳ್ಬೇಡ. ನೋವಾದ್ರೆ ಎರಡು ಸಲ ತಟ್ಟು. ನನ್ನ ಮೈಮೇಲಾಗ್ಲಿ, ನೆಲದ ಮೇಲಾಗ್ಲಿ. ತಟ್ಟೋದ್ರಲ್ಲಿ ನಾಚಿಕೆ ಇಲ್ಲ ಮಗೂ. ತಟ್ಟಿದ್ಮೇಲೂ ಬಿಡದೇ ಇರ್ತಾರಲ್ಲ, ನಾಚಿಕೆ ಆಗ್ಬೇಕಾದ್ದು ಅವರಿಗೆ. ಎದುರಿನವನು ತನ್ನ ಕೈಯನ್ನ ನಿನಗೆ ಕೊಡೋದು ನೀನು ಬಿಡ್ತೀಯ ಅನ್ನೋ ನಂಬಿಕೆ ಮೇಲೆ. ತಿಳೀತಾ?"

ಹಿಸ್ಕೆ ಎರಡು ಸಲ ತಟ್ಟಿದಳು. ಮೇಷ್ಟ್ರು ತಕ್ಷಣ ಬಿಟ್ಟರು. ಬೀಳುವುದು, ಎತ್ತುವುದು, ಎಸೆಯುವುದು ಎಲ್ಲ ಆಮೇಲೆ. ನಮ್ಮೂರಿನ ಆ ಅಟ್ಟದಲ್ಲಿ ಮೊದಲ ಪಾಠ ಇದೊಂದೇ, ಮತ್ತು ಇದನ್ನು ಕಲಿಯದವರಿಗೆ ಎರಡನೆಯ ಪಾಠ ಇರಲಿಲ್ಲ.

ಅದೇ ಅಟ್ಟದಲ್ಲಿ ಅವಳಿಗೆ ಟೆಟ್ ಸಿಕ್ಕಳು. ಊರಾಚೆಯ ಹಾಲಿನ ಹಸುಗಳ ಫಾರ್ಮಿನ ಹುಡುಗಿ, ಹಿಸ್ಕೆಯ ವಯಸ್ಸೇ, ಹಿಸ್ಕೆಯ ತೂಕವೇ. ಇಬ್ಬರೂ ಒಂದೇ ಸೈಕಲಿನಲ್ಲಿ ಕ್ಲಬ್ಬಿಗೆ ಬರುತ್ತಿದ್ದರು, ಒಂದೇ ಬನ್ನನ್ನು ಹರಿದು ತಿನ್ನುತ್ತಿದ್ದರು. ಟೆಟ್ ಬಾಯಿ ಜೋರು. ಹಿಸ್ಕೆಯನ್ನು ಎಸೆದಾಗಲೆಲ್ಲ "ಏನಮ್ಮಾ, ನೆಲದಲ್ಲಿ ಏನು ಬಿದ್ದಿತ್ತು, ಹುಡುಕ್ತಿದೀಯ?" ಎನ್ನುತ್ತಿದ್ದಳು. ಎಸೆಯುತ್ತಿದ್ದದ್ದು ಹೆಚ್ಚಾಗಿ ಅವಳೇ. ಹಿಸ್ಕೆಗಿಂತ ಅವಳೇ ಚುರುಕು. ಹಳಬರನ್ನು ಕೇಳಿ, ಈಗಲೂ ಒಪ್ಪುತ್ತಾರೆ.

ಇಬ್ಬರಿಗೂ ಹತ್ತೊಂಬತ್ತು ತುಂಬಿದ ವರ್ಷ ರಾಷ್ಟ್ರೀಯ ತರಬೇತಿಗೆ ಆ ತೂಕದಲ್ಲಿ ನಮ್ಮ ಪ್ರಾಂತ್ಯದಿಂದ ಒಬ್ಬಳನ್ನು ಕಳಿಸಿ ಎಂದು ಪತ್ರ ಬಂತು. ಮೇಷ್ಟ್ರು ಹೆಸರು ಹೇಳಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದರು. ಹೆಸರು ಟೆಟ್‌ಳದೇ ಎಂದು ಹಿಸ್ಕೆಗೆ ಗೊತ್ತಿತ್ತು.

ಆ ಮಂಗಳವಾರ ಅಭ್ಯಾಸದಲ್ಲಿ ಟೆಟ್‌ಳ ಬಲಗೈ ಹಿಸ್ಕೆಯ ಕಾಲುಗಳ ಸಂದಿಗೆ ಸಿಕ್ಕಿತು. ಹಿಸ್ಕೆ ಹಿಂದಕ್ಕೆ ಒರಗಿದಳು. ತೊಡೆಯ ಮೇಲೆ ಟೆಟ್‌ಳ ಎಡಗೈ ಎರಡು ಸಲ ತಟ್ಟಿತು. ಹಿಸ್ಕೆ ಬಿಡಲಿಲ್ಲ. ಎಷ್ಟು ಹೊತ್ತು? ಒಂದು ಉಸಿರಿನಷ್ಟು, ಅಷ್ಟೇ. ಮೊಣಕೈಯಿಂದ ಬಂದ ಶಬ್ದ ಕೆಳಗೆ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿಕೊಳ್ಳಲು ಕೂತಿದ್ದವನಿಗೂ ಕೇಳಿಸಿತ್ತಂತೆ.

ಮೇಷ್ಟ್ರು ಓಡಿ ಬಂದರು. ಟೆಟ್ ಕೂಗುತ್ತಿದ್ದಳು. ಮೇಷ್ಟ್ರು ಹಿಸ್ಕೆಯ ಮುಖ ನೋಡಿ ಒಂದೇ ಮಾತು ಕೇಳಿದರು. "ತಟ್ಟಿದಳಲ್ಲ, ಗೊತ್ತಾಗ್ಲಿಲ್ವಾ?"

"ಇಲ್ಲ ಮೇಷ್ಟ್ರೇ," ಅಂದಳು ಹಿಸ್ಕೆ.

ನಂಬಿದರೋ ಇಲ್ಲವೋ, ದೇವರಿಗೇ ಗೊತ್ತು. ಮಾರನೆಯ ದಿನ ಬೆಳಿಗ್ಗೆ ಅವಳ ಮನೆ ಬಾಗಿಲಿಗೆ ಬಂದು ನಿಂತರು. "ಟೆಟ್‌ಳ ಅಪ್ಪನಿಗೆ ಬೆನ್ನು ಸರಿಯಿಲ್ಲ. ಅಲ್ಲಿ ನಲವತ್ತು ಹಸು ಇವೆ. ಹಾಲು ಕರೆಯೋಕೆ ಇದ್ದದ್ದು ಟೆಟ್ ಮತ್ತು ಅವಳ ಅಣ್ಣ. ಈಗ ಅಣ್ಣ ಒಬ್ಬನೇ. ಹಸುಗಳಿಗೆ ಇದೆಲ್ಲ ಗೊತ್ತಾಗಲ್ಲಮ್ಮಾ, ಐದು ಗಂಟೆಗೆ ಅವುಕ್ಕೆ ಕೆಚ್ಚಲು ತುಂಬುತ್ತೆ. ಅವಳ ಕೈ ಬರೋವರೆಗೂ ನಿನ್ನ ಕೈ ಅಲ್ಲಿರ್ಲಿ." ಅಷ್ಟು ಹೇಳಿ ಸೈಕಲ್ ಹತ್ತಿ ಹೋದರು. ನಮ್ಮಲ್ಲಿ ನ್ಯಾಯ ಹೀಗೆಯೇ ತೀರ್ಮಾನವಾಗುವುದು, ಪೊಲೀಸು ಕೋರ್ಟು ಎಂದು ಯಾರೂ ಹೋಗುವುದಿಲ್ಲ.

ಬೆಳಗಿನ ಐದಕ್ಕೆ ಹಿಸ್ಕೆ ಕೊಟ್ಟಿಗೆಗೆ ಹೋದಳು. ಟೆಟ್‌ಳ ಅಣ್ಣ ಅಲ್ಲಿದ್ದ. ಇಪ್ಪತ್ತನಾಲ್ಕರ ಉದ್ದನೆಯ ಆಸಾಮಿ, ಕೆಂಪು ಕಿವಿ, ಕಾಲಲ್ಲಿ ಮರದ ಬೂಟು. ಅವನೇ ಮೈಂಟೆ. ಬೈಯುತ್ತಾನೆ ಎಂದುಕೊಂಡು ಹಿಸ್ಕೆ ತಲೆ ತಗ್ಗಿಸಿ ನಿಂತಳು. ಅವನು ಹಾಲು ಕರೆಯುವ ಯಂತ್ರದ ಕೊಳವೆ ಅವಳ ಕೈಗೆ ಕೊಟ್ಟ.

"ಹಿಂಗಾಲಿನ ಹತ್ರ ನಿಲ್ಬೇಡ. ಇವು ತಟ್ಟಲ್ಲ, ಸೀದಾ ಒದೀತವೆ."

ನಗಬೇಕೋ ಅಳಬೇಕೋ ತಿಳಿಯದೆ ಹಿಸ್ಕೆ ಹಸುವಿನ ಪಕ್ಕೆಗೆ ಹಣೆ ಒತ್ತಿ ಅತ್ತಳು. ಮೈಂಟೆ ನೋಡಿಯೂ ನೋಡದವನಂತೆ ಮುಂದಿನ ಹಸುವಿಗೆ ಹೋದ. ವಾಪಸು ಬರುವಾಗ ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ತಂದು ಕಿಟಕಿಯ ಮೇಲಿಟ್ಟ. ಹೀಗೆ ಒಂಬತ್ತು ವಾರ. ಹತ್ತನೆಯ ವಾರ ಟೆಟ್‌ಳ ಕಟ್ಟು ಬಿಚ್ಚಿದರು. ಮೊಣಕೈ ನೇರ ಆಗಲಿಲ್ಲ, ಮತ್ತೆಂದೂ ಆಗಲಿಲ್ಲ. ಹತ್ತನೆಯ ವಾರವೂ ಹಿಸ್ಕೆ ಬೆಳಗಿನ ಐದಕ್ಕೆ ಕೊಟ್ಟಿಗೆಯಲ್ಲಿದ್ದಳು, ಹನ್ನೊಂದನೆಯ ವಾರವೂ. ಇನ್ನು ಇದನ್ನು ಬಿಡಿಸಿ ಹೇಳಬೇಕೇ?

ರಾಷ್ಟ್ರೀಯ ತರಬೇತಿಗೆ ಹಿಸ್ಕೆಯ ಹೆಸರು ಹೋಯಿತು. ಬೇರೆ ಹೆಸರೇ ಉಳಿದಿರಲಿಲ್ಲವಲ್ಲ.

ಟೆಟ್ ಜೂಡೋ ಬಿಟ್ಟು ಊರಿನ ಶಾಲೆಯಲ್ಲಿ ಟೀಚರ್ ಆದಳು. ಗೆಳತಿಯ ಮೇಲೆ ಒಂದು ದಿನವೂ ಮುನಿಸಿಕೊಳ್ಳಲಿಲ್ಲ. "ಗೊತ್ತಾಗ್ಲಿಲ್ಲ ಅಂದ್ಲಲ್ಲ, ಬೇಕೂಂತ ಮಾಡ್ತಾಳಾ ಪಾಪ" ಎಂದು ಊರಿಗೆಲ್ಲ ಅವಳೇ ಸಮಾಧಾನ ಹೇಳಿದಳು. ಅಣ್ಣನ ಮದುವೆಯಲ್ಲಿ ಹಿಸ್ಕೆಯ ಪಕ್ಕ ಅವಳೇ ನಿಂತಳು. ಮಡಚಿದಂತೆಯೇ ಉಳಿದ ಕೈಯನ್ನು ತೋರಿಸಿ "ಇದು ಕಾಫಿ ಕಪ್ಪು ಹಿಡಿಯೋಕೆ ಅಂತ್ಲೇ ಹೇಳಿ ಮಾಡ್ಸಿದ್ದು" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಹಿಸ್ಕೆ ಆ ಜೋಕಿಗೆ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಗುತ್ತಿದ್ದಳು.

ಆಮೇಲಿನ ಹತ್ತು ವರ್ಷ ಹಿಸ್ಕೆಯವು. ಬೆಳಿಗ್ಗೆ ಹಸು, ಮಧ್ಯಾಹ್ನ ಓಟ, ಸಂಜೆ ಅಟ್ಟದಲ್ಲಿ ಮೈಂಟೆ. ಅವಳ ತೂಕದ ಜೊತೆಗಾರ್ತಿ ಊರಿನಲ್ಲಿ ಉಳಿದಿರಲಿಲ್ಲವಾದ್ದರಿಂದ ಮೈಂಟೆಯೇ ಜೂಡೋದ ಬಿಳಿ ಬಟ್ಟೆ ತೊಟ್ಟ. ಜೂಡೋ ಅವನಿಗೆ ಬರುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೀಳಲು ಮಾತ್ರ ಚೆನ್ನಾಗಿ ಕಲಿತ. ಹೊಸ ಪಟ್ಟು ಹಾಕುವಾಗ ನೋವಾದರೆ ಎರಡು ಸಲ ತಟ್ಟುತ್ತಿದ್ದ. ಎರಡನೆಯ ತಟ್ಟು ಮುಗಿಯುವ ಮೊದಲೇ ಅವಳ ಕೈ ಬಿಟ್ಟಿರುತ್ತಿತ್ತು. ಇಷ್ಟು ಬೇಗ ಬಿಡುವ ಚಾಂಪಿಯನ್ನನ್ನು ನೋಡಿಯೇ ಇಲ್ಲ ಎಂದು ರಾಷ್ಟ್ರೀಯ ತರಬೇತಿಯ ಹುಡುಗಿಯರು ಹೇಳುತ್ತಿದ್ದರು. ಅದರ ಕಾರಣ ಅವರಿಗೇನು ಗೊತ್ತು.

ಕೂಟಕ್ಕೆ ಮುಂಚೆ ಅವಳ ತೂಕ ಎಪ್ಪತ್ತೆರಡು ಕೆಜಿಯ ಒಳಗೆ ಬರಬೇಕಿತ್ತು. ಹಸಿದ ಹಿಸ್ಕೆಯ ಎದುರು ಕೂತು ಮೈಂಟೆಯೂ ಉಪ್ಪಿಲ್ಲದ ಬೀನ್ಸು ತಿನ್ನುತ್ತಿದ್ದ, ಬೆಣ್ಣೆ ಸವರಿದ ಬ್ರೆಡ್ಡನ್ನು ಕೊಟ್ಟಿಗೆಗೆ ಹೋಗಿ ಕದ್ದು ತಿಂದು ಬರುತ್ತಿದ್ದ. ಮೊದಲ ಚಿನ್ನ ತಂದ ದಿನ ಊರಿನವರು ಹುಲ್ಲಿನ ಬಂಡಿಗೆ ಹೂ ಕಟ್ಟಿ, ಟ್ರ್ಯಾಕ್ಟರಿಗೆ ಸಿಕ್ಕಿಸಿ, ಬ್ಯಾಂಡು ಬಾರಿಸಿ ಅವಳನ್ನು ಮೆರೆಸಿದರು. ಪೊಸ್ತುಮಾ ಮೇಷ್ಟ್ರು ಪದಕವನ್ನು ಅಂಗೈಯಲ್ಲಿಟ್ಟು ತೂಗಿ "ಪರವಾಗಿಲ್ಲ, ಇದಕ್ಕಿಂತ ಕೆಟ್ಟದಾಗಬಹುದಿತ್ತು" ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಬಂಡಿಯ ಮೇಲೆ ನಿಂತ ಹಿಸ್ಕೆಗೆ ಜನರ ನಡುವೆ ಟೆಟ್ ಕಂಡಳು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು, ಎರಡೂ ಕೈ ಮೇಲೆತ್ತಿದ್ದಳು, ಒಂದು ಕೈ ಅರ್ಧಕ್ಕೇ ನಿಂತಿತ್ತು.

ಹೆಂಗಸರ ಜೂಡೋಗೆ ಒಲಿಂಪಿಕ್ಸಿನ ಬಾಗಿಲು ಸರಿಯಾಗಿ ತೆರೆಯುವ ಹೊತ್ತಿಗೆ ಹಿಸ್ಕೆಗೆ ಮೂವತ್ತು. ಎರಡೂ ಮಂಡಿ ಸವೆದಿದ್ದವು. ಆಯ್ಕೆಯಲ್ಲಿ ಹದಿನೆಂಟರ ಒಬ್ಬ ಹುಡುಗಿ ಅವಳನ್ನು ನಲವತ್ತು ಸೆಕೆಂಡಿನಲ್ಲಿ ಮಲಗಿಸಿದಳು. ಅಲ್ಲಿಗೆ ಮುಗಿಯಿತು. ಮೇಷ್ಟ್ರು ತೀರಿಕೊಂಡ ಮೇಲೆ ಅಟ್ಟದ ಕೀಲಿಕೈ ಅವಳಿಗೆ ಬಂತು. ಮಕ್ಕಳಾಗಲಿಲ್ಲ, ಊರಿನ ಮಕ್ಕಳಿಗೆಲ್ಲ ಬೀಳುವುದನ್ನು ಕಲಿಸಿದಳು. ಹಸುಗಳು ಅರವತ್ತಾದವು, ಎಂಬತ್ತಾದವು, ಕೊನೆಗೆ ಒಂದು ದಿನ ಎಲ್ಲ ಮಾರಾಟವಾದವು.

ಎರಡು ವರ್ಷದ ಹಿಂದೆ ಒಂದು ಮಂಗಳವಾರ ಮಕ್ಕಳ ಎದುರು ಪಟ್ಟು ತೋರಿಸಲು ಮೈಂಟೆ ಹಳೆಯ ಬಿಳಿ ಬಟ್ಟೆ ತೊಟ್ಟು ಬಂದ. ಸೊಂಟದ ಪಟ್ಟಿಗೆ ಗಂಟು ಹಾಕಲು ಬೆರಳು ಬರಲಿಲ್ಲ. "ವಯಸ್ಸಾಯ್ತು ಬಿಡೇ," ಅಂದ. ಹಿಸ್ಕೆಯೇ ಗಂಟು ಹಾಕಿದಳು. ಮೂರು ತಿಂಗಳಿಗೆ ಕಪ್ಪು ಜಾರಿತು, ಆರು ತಿಂಗಳಿಗೆ ಕಾಲು ಎಡವಿತು. ನರಗಳ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಎ.ಎಲ್.ಎಸ್. ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ಔಷಧವಿಲ್ಲ, ಬುದ್ಧಿ ಮಾತ್ರ ಕೊನೆಯವರೆಗೂ ಚೊಕ್ಕವಾಗಿರುತ್ತದೆ. ಹಿಸ್ಕೆ ಮನೆಗೆ ಬಂದು ಅಡುಗೆಮನೆಯ ಮೇಜು ಹಿಡಿದು ನಿಂತಳು. ಅವಳ ಜೀವನವೆಲ್ಲ ಎದುರಾಳಿಯ ಕಾಲರು ಹಿಡಿಯುವುದರಲ್ಲಿ ಕಳೆದಿತ್ತು. ಇದಕ್ಕೆ ಹಿಡಿಯಲು ಕಾಲರೇ ಇರಲಿಲ್ಲ.

ಕೂಟಗಳ ಕಾಲದ ತೂಕದ ಯಂತ್ರವನ್ನು ಅಟ್ಟದಿಂದ ಇಳಿಸಿದಳು. ಪ್ರತಿ ಸೋಮವಾರ ಅವನನ್ನು ಎತ್ತಿಕೊಂಡು ಅದರ ಮೇಲೆ ನಿಂತು, ತನ್ನ ತೂಕ ಕಳೆದು, ಅವನದನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಎಂಬತ್ತೊಂದು. ಎಪ್ಪತ್ತನಾಲ್ಕು. ಅರವತ್ತಮೂರು. ಗಂಜಿಗೆ ಕೆನೆ ಸುರಿದಳು, ಸೂಪಿಗೆ ಬೆಣ್ಣೆ ಹಾಕಿದಳು, ಬೈದಳು, ಬೇಡಿದಳು. ತೂಕ ಇಳಿಸುವ ಒಂದೊಂದು ಉಪಾಯವೂ ಗೊತ್ತಿದ್ದವಳಿಗೆ ಏರಿಸುವ ಒಂದು ಉಪಾಯವೂ ಹತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಮೈಂಟೆಗೆ ಅರವತ್ತಾರು ತುಂಬಿತು. ಪದ್ಧತಿಯಂತೆ ನೆರೆಹೊರೆಯವರು ಬಂದು, ಅವನಿಗೊಂದು, ಹೆಂಡತಿಗೊಂದು, ತಂಗಿಗೊಂದು ಎಂದು ಎಲ್ಲರಿಗೂ ಶುಭಾಶಯ ಹೇಳಿ, ಗೋಡೆಗುಂಟ ಕುರ್ಚಿ ಹಾಕಿಕೊಂಡು ದುಂಡಗೆ ಕೂತರು. ಕಾಫಿ ಬಂತು, ತಲೆಗೊಂದರಂತೆ ಗುಲಾಬಿ ಸಕ್ಕರೆಯ ಕೇಕು ಬಂತು. ಹಿಸ್ಕೆ ಚಮಚದಲ್ಲಿ ಗಂಡನ ಬಾಯಿಗೂ ಒಂದು ಚೂರು ಇಟ್ಟಳು. ಅದು ಗಂಟಲಿಗೆ ಸಿಕ್ಕಿತು. ಮೈಂಟೆಯ ಮುಖ ಕೆಂಪಾಯಿತು, ನೀಲಿಯಾಯಿತು. ಹಿಸ್ಕೆ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಕೊನೆಗೆ ಚೂರು ಹೊರಬಿತ್ತು. ಇಪ್ಪತ್ತು ಜನ ತಮ್ಮ ತಮ್ಮ ಕಪ್ಪಿನೊಳಗೆ ನೋಡುತ್ತಾ ಕೂತಿದ್ದರು. ಯಾರೋ ಹೊರಗೆ ಗಾಳಿ ಜೋರಾಗಿದೆ ಅಂದರು. ಅಯ್ಯೋ, ಏನಂತಾರೆ ಪಾಪ.

ಆ ವಾರವೇ ಊರಿನ ಡಾಕ್ಟರಮ್ಮ ಮನೆಗೆ ಬಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಕೆ ಇಟ್ಟರೆ ಅದರಲ್ಲಿ ಆಹಾರ ಕೊಡಬಹುದು. ಇನ್ನು ಕೆಲವು ತಿಂಗಳು ಸಿಗಬಹುದು, ಒಂದು ವರ್ಷವೂ ಸಿಗಬಹುದು. ಈಗಲೇ ಮಾಡಿಸಬೇಕು. ತಡವಾದರೆ ಉಸಿರು ಇನ್ನೂ ಸೋಲುತ್ತದೆ, ಆಮೇಲೆ ಮೈ ಆಪರೇಷನ್ ತಡೆದುಕೊಳ್ಳುವುದಿಲ್ಲ. "ಆದ್ರೆ ಮೈಂಟೆ ಅವ್ರು ಒಪ್ಪಬೇಕು," ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು.

ಮೈಂಟೆಗೆ ಒಂದು ಹಲಗೆ ಇತ್ತು. ಅದರಲ್ಲಿ ಹೌದು, ಇಲ್ಲ, ನೀರು, ನೋವು ಮುಂತಾಗಿ ಹತ್ತು ಮಾತು ದಪ್ಪಕ್ಷರದಲ್ಲಿ ಬರೆದಿದ್ದವು. ಯಾವುದನ್ನು ನೋಡಿದರೆ ಅದು ಅವನ ಮಾತು. ಟೆಟ್ ಹಲಗೆ ಹಿಡಿದು ನಳಿಕೆಯ ವಿಷಯ ಕೇಳಿದಳು. ಅವನು "ಇಲ್ಲ" ನೋಡಿದ.

"ಇವತ್ತು ಸುಸ್ತಾಗಿದಾನೆ," ಅಂದಳು ಹಿಸ್ಕೆ.

ಮಾರನೆಯ ದಿನವೂ ಅವನು "ಇಲ್ಲ" ನೋಡಿದ. "ಪ್ರಶ್ನೆ ಸರಿಯಾಗಿ ಕೇಳ್ಸಿಲ್ಲ ಅವನಿಗೆ." ಮೂರನೆಯ ದಿನ "ನೀರು ಬೇಡ ಅಂತಿದಾನೆ" ಎಂದು ಹಿಸ್ಕೆ ಹಲಗೆಯನ್ನೇ ಕಿಟಕಿಯ ಮೇಲೆತ್ತಿಟ್ಟಳು. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಗೆ ಫೋನು ಮಾಡಿ, ಒಪ್ಪಿದ್ದಾರೆ ಎಂದು ಹೇಳಿ, ಶುಕ್ರವಾರ ಹತ್ತೂವರೆಗೆ ಹೊತ್ತು ಗೊತ್ತು ಮಾಡಿದಳು. ಮೈಂಟೆ ಆ ಕೋಣೆಯಲ್ಲೇ ಇದ್ದ, ಎಲ್ಲ ಕೇಳಿಸಿಕೊಂಡ. ಅವಳು ಅವನ ಕಡೆ ತಿರುಗಲಿಲ್ಲ. ಅವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ನಲವತ್ತು ವರ್ಷ ಜೊತೆಗಿದ್ದವನು ಸೋಮವಾರದಿಂದ ಸೋಮವಾರಕ್ಕೆ ಕರಗುತ್ತಿದ್ದರೆ ಯಾರು ತಾನೇ ಸುಮ್ಮನೆ ಕೂರುತ್ತಾರೆ?

ಶುಕ್ರವಾರ ಬೆಳಿಗ್ಗೆ ಟೆಟ್ ಶಾಲೆಗೆ ರಜೆ ಹಾಕಿ ಬಂದಳು. ಎಂಟೂವರೆಗೆ ಗಾಲಿಕುರ್ಚಿ ಏರಿಸುವ ಟ್ಯಾಕ್ಸಿ ಬರುವುದಿತ್ತು. ಟೆಟ್ ಅಣ್ಣನ ಕೋಟನ್ನು ಮಡಚಿದ ಕೈಗೆ ಹಾಕಿಕೊಂಡು ಕಾದು ನಿಂತಳು.

"ಒಪ್ಪಿದ್ನಾ, ನಿಜವಾಗ್ಲೂ? ನನ್ನ ಹತ್ರ ಮೂರು ಸಲಾನೂ ಇಲ್ಲ ಅಂದಿದ್ದ."

"ಒಪ್ಪಿದ. ಕೋಟು ರೆಡಿ ಇಟ್ಕೋ."

ಹಿಸ್ಕೆ ಮಂಚದ ಅಂಚಿಗೆ ಅವನನ್ನು ಎಳೆದು ಕೂರಿಸಿದಳು. ಅವನ ಎಡಗೈ ಎತ್ತಿ ತನ್ನ ಬೆನ್ನ ಮೇಲೆ ಹಾಕಿಕೊಂಡಳು. ಬಗಲಿನ ಕೆಳಗೆ ಕೈ ತೂರಿಸಿ, ಎದೆಗೆ ಎದೆ ಹಚ್ಚಿ, ಮಂಡಿಯಿಂದ ಅವನ ಮಂಡಿಯನ್ನು ತಡೆದು ಎತ್ತಿದಳು. ಹಗುರ, ಎಷ್ಟು ಹಗುರ. ಒಂದು ಕಾಲದಲ್ಲಿ ಇದೇ ಮೈಯನ್ನು ಎತ್ತಲು ಹಲ್ಲು ಕಚ್ಚಬೇಕಿತ್ತು.

ಬೆನ್ನ ಮೇಲೆ ಎರಡು ಬೆರಳು ಆಡಿದವು. ತಟ್. ತಟ್.

ಹಿಸ್ಕೆ ನಿಂತಲ್ಲೇ ನಿಂತಳು. ಬೆರಳು ಅದುರಿರಬೇಕು ಎಂದುಕೊಂಡಳು. ಈ ಕಾಯಿಲೆಯಲ್ಲಿ ಸ್ನಾಯು ತಾನಾಗಿ ಅದುರುತ್ತದೆ ಎಂದು ಡಾಕ್ಟರೇ ಹೇಳಿದ್ದರಲ್ಲ. ಆದರೆ ಅದುರುವ ಬೆರಳು ಎರಡಕ್ಕೆ ಸರಿಯಾಗಿ ನಿಲ್ಲುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಹಲಗೆಯ "ಇಲ್ಲ"ವನ್ನು ಸುಸ್ತು ಎನ್ನಬಹುದು, ನೀರು ಬೇಡ ಎನ್ನಬಹುದು. ಇದಕ್ಕೆ ಬೇರೆ ಅರ್ಥ ಹಚ್ಚಲು ಬರುವುದಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಕಣ್ಣೀರು ಕಿವಿಯವರೆಗೆ ಹರಿದ ದಿನದಿಂದ ಇದಕ್ಕೆ ಇರುವುದು ಒಂದೇ ಅರ್ಥ. ಆದರೂ ಅವಳ ತೋಳು ಸಡಿಲವಾಗಲಿಲ್ಲ. ಇನ್ನೂ ಬಿಗಿಯಾಯಿತು.

"ಹಿಸ್ಕೆ," ಅಂದಳು ಟೆಟ್. "ಅವನು ತಟ್ಟಿದ."

"ಬೆರಳು ಅದುರುತ್ತೆ ಕಣೇ. ಕೋಟು ಕೊಡು."

ತಟ್. ತಟ್. ಈ ಸಲ ಮೊದಲಿಗಿಂತ ಮೆಲ್ಲಗೆ. ಅವನಲ್ಲಿ ಇದ್ದ ಶಕ್ತಿಯೇ ಅಷ್ಟು.

"ಮತ್ತೆ ತಟ್ಟಿದ. ನಾನು ಕಣ್ಣಾರೆ ನೋಡ್ತಿದೀನಿ. ನಿನಗೆ ಗೊತ್ತಾಗ್ಲಿಲ್ವಾ?"

ಅದೇ ಮಾತು. ಮೇಷ್ಟ್ರು ಕೇಳಿದ್ದೂ ಅದೇ. "ಇಲ್ಲ" ಎನ್ನುವ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನಲವತ್ತೆರಡು ವರ್ಷದಿಂದ ಅಲ್ಲೇ ಸಿದ್ಧವಾಗಿ ಕೂತಿತ್ತು.

"ಬಿಟ್ರೆ ಸಾಯ್ತಾನೆ ಕಣೇ!" ಎಂದು ಹಿಸ್ಕೆ ಕೂಗಿದಳು. ಗಂಡ ಕೇಳಿಸಿಕೊಳ್ಳುತ್ತಾನೆ ಎಂಬ ಪರಿವೆಯೂ ಇರಲಿಲ್ಲ. "ನಾನು ಏನ್ ಮಾಡ್ಲಿ? ಸುಮ್ನೆ ನೋಡ್ತಾ ನಿಲ್ಲಲಾ? ಹೇಳು, ನೀನೇ ಹೇಳು, ಏನ್ ಮಾಡ್ಲಿ ನಾನು?"

"ನನ್ನನ್ನೇನು ಕೇಳ್ತೀಯ, ಅವನು ಹೇಳ್ತಿದಾನಲ್ಲ. ನಾನು ಕೇಳಿದ್ದು ಇಷ್ಟೇ. ಗೊತ್ತಾಯ್ತಾ, ಇಲ್ವಾ?"

"ಗೊತ್ತಾಯ್ತು," ಅಂದಳು ಹಿಸ್ಕೆ. ಗಂಡನ ಹೆಗಲಿಗೆ ಮುಖ ಒತ್ತಿ ನಿಂತಿದ್ದಳು, ಮಾತು ಅವನ ಅಂಗಿಯೊಳಗಿನಿಂದ ಬಂತು. "ಆಗ್ಲೂ ಗೊತ್ತಾಗಿತ್ತು, ಟೆಟ್. ಆ ಮಂಗಳವಾರ. ನೀನು ತಟ್ಟಿದ್ದು ನನಗೆ ಗೊತ್ತಾಗಿತ್ತು."

ಟೆಟ್‌ಗೆ ಅದು ಗೊತ್ತಿರಲಿಲ್ಲ. ಊರಿನಲ್ಲಿ ಅರ್ಧ ಜನ ಒಳಗೊಳಗೇ ಅಂದುಕೊಂಡಿದ್ದನ್ನು ಅವಳು ಮಾತ್ರ ಒಂದು ದಿನವೂ ಅಂದುಕೊಂಡಿರಲಿಲ್ಲ. ಅವಳ ಮುಖದಲ್ಲಿ ಸದಾ ಇರುತ್ತಿದ್ದ ಆ ತುಂಟತನ ಹೋಯಿತು. ತನ್ನ ಮೊಣಕೈಯನ್ನು, ಅದರ ಮೇಲೆ ನೇತಾಡುತ್ತಿದ್ದ ಕೋಟನ್ನು ನೋಡಿಕೊಂಡಳು.

"ನಲವತ್ತೆರಡು ವರ್ಷ," ಅಂದಳು.

ಹೊರಗೆ ಟ್ಯಾಕ್ಸಿ ಬಂದು ನಿಂತಿತು. ಡ್ರೈವರು ಕೆಳಗಿಳಿದು ಗಾಲಿಕುರ್ಚಿ ಹತ್ತಿಸುವ ಇಳಿಜಾರು ಹಲಗೆ ಬಿಡಿಸತೊಡಗಿದ. ಪರದೆಯಿಲ್ಲದ ದೊಡ್ಡ ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು.

"ಅದನ್ನ ಇನ್ನೊಂದಿನ ಮಾತಾಡೋಣ," ಅಂದಳು ಟೆಟ್. "ಮಾತಾಡಕ್ಕಾದ್ರೆ. ಈಗ ನಮ್ಮಣ್ಣನ್ನ ಬಿಡು."

ಕೋಟಿನ ಸಮೇತ ಹೊರಗೆ ಹೋದಳು. ಡ್ರೈವರಿಗೆ ಏನೋ ಹೇಳಿದಳು. ಅವನು ತಲೆಯಾಡಿಸಿ, ಬಿಡಿಸಿದ ಹಲಗೆಯನ್ನು ಮತ್ತೆ ಮಡಚಿ ಹೊರಟುಹೋದ. ಟೆಟ್ ಒಳಗೆ ಬರಲಿಲ್ಲ. ಅಂಗಳದ ನಡುವೆ ಬೆನ್ನು ತಿರುಗಿಸಿ ನಿಂತು, ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಹಿಸ್ಕೆ ಕಿಟಕಿಯಿಂದ ನೋಡಿದಳು. ಓಡಿಹೋಗಿ ಅವಳ ಕಾಲು ಹಿಡಿಯಬೇಕು ಅನಿಸಿತು. ಹೋಗುವ ಹಾಗಿರಲಿಲ್ಲ, ತೋಳಿನಲ್ಲಿ ಮೈಂಟೆ ಇದ್ದ.

ಅವಳು ಅವನನ್ನು ಮೆಲ್ಲಗೆ ಮಂಚಕ್ಕೆ ಇಳಿಸಿದಳು. ಮೊದಲು ಸೊಂಟ, ಆಮೇಲೆ ಬೆನ್ನು, ತಲೆಯ ಕೆಳಗೆ ಅಂಗೈ. ಅವನ ಎಡಗೈ ಇನ್ನೂ ಅವಳ ಬೆನ್ನ ಮೇಲೆಯೇ ಇತ್ತು. ಅದನ್ನು ತೆಗೆಯುವ ಶಕ್ತಿ ಅವನಿಗಿರಲಿಲ್ಲ, ಅವಳಿಗೂ ಇರಲಿಲ್ಲ. ಹಾಗೇ ಅವನ ಮೇಲೆ ಬಾಗಿ ಬಹಳ ಹೊತ್ತು ನಿಂತಳು. ಬೆರಳು ಮತ್ತೆ ತಟ್ಟಲಿಲ್ಲ.